ಹಿಂದಿನ ಬೆಂಚಿನ ಮಾವಶಿ

ಕಳೆದ ತಿಂಗಳು ಮಿರಜಿನಲ್ಲಿ, ಮಾವಶಿಯ ಚರ್ಚಿನ ಮಂದಿ ಆಕೆಯ ನೆನಪಿಗೆಂದು ಒಂದು ಸಣ್ಣ ಸಭೆ ಮಾಡಿದರು. ನನಗೂ ಎರಡು ಮಾತು ಆಡಲು ಹೇಳಿದ್ದರು. ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ. ಎದ್ದು ನಿಂತವನು ಆಕೆಯ ಕೋಳಿಯ ಕಥೆ ಹೇಳಿದೆ, ಬಸ್ಸಿನ ಕಥೆ ಹೇಳಿದೆ. ಜನ ನಕ್ಕರು, ಕೆಲವರು ನಗುತ್ತಲೇ ಕಣ್ಣೊರೆಸಿಕೊಂಡರು. ಹೇಳಬೇಕೆಂದು ಹೋದ ಮಾತು ಮಾತ್ರ ಚೀಟಿಯಲ್ಲೇ ಉಳಿಯಿತು. ಮನೆಗೆ ಬಂದು ಅಂಗಿ ಕಳಚುವಾಗ ಅದು ಕಿಸೆಯಲ್ಲಿ ಕೈಗೆ ಸಿಕ್ಕಿತು. ನನ್ನ ಮೇಲೆ ನನಗೇ ಹೇಸಿಕೆ ಬಂತು. ಆಡಲಾಗದ್ದನ್ನು ಬರೆದಾದರೂ ಮುಗಿಸೋಣವೆಂದು ಕೂತಿದ್ದೇನೆ.

ಹೆಸರು ಬರೆಯುವುದಿಲ್ಲ. ದವಾಖಾನೆಯ ಆಯಾಗಳಿಗೆ ನಮ್ಮ ಕಡೆ ಎಲ್ಲರೂ ಮಾವಶಿ ಎನ್ನುತ್ತಾರೆ, ಚಿಕ್ಕಮ್ಮ ಎಂದ ಹಾಗೆ. ಆಕೆ ಮೂವತ್ತು ವರ್ಷ ಆ ಕೆಲಸ ಮಾಡಿದವಳು, ಹೀಗಾಗಿ ಅರ್ಧ ಊರಿಗೇ ಮಾವಶಿ. ಕುಳ್ಳಗಿನ ಹೆಂಗಸು. ನೀಲಿ ಅಂಚಿನ ಬಿಳಿ ಸೀರೆ, ಎಳೆದು ಕಟ್ಟಿದ ತುರುಬು, ಹತ್ತಿರ ಬಂದರೆ ಫಿನೈಲಿನ ವಾಸನೆ. ಮಾತಾಡುವ ಮೊದಲು ಎರಡೂ ಅಂಗೈಗಳನ್ನು ಸೆರಗಿಗೆ ಎರಡು ಸಲ ಒರೆಸಿಕೊಳ್ಳುವುದು ಆಕೆಯ ರೂಢಿ. ಕೈ ಒರೆಸಿಕೊಂಡಳೆಂದರೆ ಏನೋ ಒಂದು ಖರೆ ಮಾತು ಬಂತೆಂದೇ ನಾವು ಹುಷಾರಾಗುತ್ತಿದ್ದೆವು.

ಏಕೆಂದರೆ ಆಕೆಗೆ ಸುಳ್ಳು ಬರುತ್ತಿರಲಿಲ್ಲ. ಬೇಡವೆಂದು ಬಿಟ್ಟದ್ದಲ್ಲ, ಕೆಲವರಿಗೆ ಹಾಡು ಬಾರದ ಹಾಗೆ ಬರುತ್ತಿರಲಿಲ್ಲ. ಇಂಜಕ್ಷನ್ನಿಗೆ ಅಳುವ ಮಕ್ಕಳಿಗೆ ನರ್ಸುಗಳು "ಏನೂ ಆಗೂದಿಲ್ಲ ಬಾಳಾ" ಎಂದರೆ ಮಾವಶಿ ಅಡ್ಡ ಬಾಯಿ ಹಾಕಿ, "ನೋಯತೈತಿ. ಸುಳ್ಳ ಯಾಕ ಹೇಳ್ಲಿ. ಹತ್ತ ಎಣಸು, ಮುಗೀತೈತಿ" ಅನ್ನುತ್ತಿದ್ದಳು. ಮಕ್ಕಳು ಸಣ್ಣಗೆ ಹತ್ತು ಎಣಿಸುತ್ತಿದ್ದವು. ಒಮ್ಮೆ ಸಾಂಗ್ಲಿಯಿಂದ ಮಿರಜಿಗೆ ಬರುವ ಬಸ್ಸಿನಲ್ಲಿ ನಮ್ಮ ಓಣಿಯ ಹೆಂಗಸೊಬ್ಬಳು ಮಗನಿಗೆ ಅರ್ಧ ಟಿಕೀಟು ಕೇಳಿದಳು. ಕಂಡಕ್ಟರ್ ಹುಡುಗನನ್ನು ನೋಡಿ, "ವಯಸ್ಸೆಷ್ಟು?" ಎಂದ. ತಾಯಿ ಬಾಯಿ ತೆರೆಯುವ ಮೊದಲೇ ಮಾವಶಿ ಪಕ್ಕದ ಸೀಟಿನಿಂದ, "ಮೊನ್ನೆ ಹನ್ನೆರಡ ತುಂಬ್ಯಾವ. ಹುಟ್ಟೂ ಮುಂದ ನಾನ ಇದ್ದೆ" ಎಂದಳು. ಆಮೇಲೆ ಎಷ್ಟೋ ದಿನ ಆಕೆಯ ಸಂಗಡ ಬಸ್ಸು ಹತ್ತುವವರೇ ಇರಲಿಲ್ಲ.

ಕೋಳಿಯ ಕಥೆ ಇನ್ನೂ ಚೆಂದ. ಅವರ ಚರ್ಚಿನಲ್ಲಿ ಸುಗ್ಗಿ ಮುಗಿದ ಮೇಲೆ ಒಂದು ಹಬ್ಬ. ಮನೆಗೊಂದರಂತೆ ಜೋಳ, ಕುಂಬಳಕಾಯಿ, ತತ್ತಿ, ಕೋಳಿ ತಂದು ದೇವರ ಮುಂದಿಟ್ಟು, ಆಮೇಲೆ ಅಂಗಳದಲ್ಲಿ ಲಿಲಾವು. ಆ ವರ್ಷ ಮಾವಶಿಯ ಕೋಳಿಗೆ ಇಬ್ಬರು ಹಟಕ್ಕೆ ಬಿದ್ದು ಕೂಗುತ್ತಿದ್ದರು. ಮಾವಶಿ ನಡುವೆ ಬಂದು ಕೈ ಒರೆಸಿಕೊಂಡು, "ಹಂಗ್ಯಾಕ ಬಡದಾಡ್ತೀರಿ? ಇದು ತತ್ತಿ ಇಡೂದಿಲ್ಲ" ಎಂದುಬಿಟ್ಟಳು. ಪಾಳಕರು, ಅಂದರೆ ಅವರ ಚರ್ಚಿನ ಗುರುಗಳು, ತಲೆಯ ಮೇಲೆ ಕೈ ಹೊತ್ತುಕೊಂಡರು.

ಇಂಥವಳಿಗೆ ಶನಿವಾರ ಬಂದರೆ ಪುರುಸೊತ್ತಿಲ್ಲ. ತಿಂಗಳ ಮೊದಲ ರವಿವಾರ ಅವರಲ್ಲಿ ಪ್ರಭುಭೋಜನ. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಿಯ ರಸ, ಎಲ್ಲರೂ ಕೂಡಿ. ಅದಕ್ಕೆ ಮನಸ್ಸಿನಲ್ಲಿ ಕಸ ಇಟ್ಟುಕೊಂಡು ಹೋಗಬಾರದು. ಹಿಂದಿನ ದಿನ ಶನಿವಾರ, ಯಾರ ಮನಸ್ಸು ನೋಯಿಸಿದ್ದೇವೋ ಅವರ ಮನೆಗೆ ಹೋಗಿ "ತಪ್ಪಾತು" ಎಂದು ಬರಬೇಕು. ಉಳಿದವರಿಗೆ ಒಂದೋ ಎರಡೋ ಮನೆ. ಮಾವಶಿಗೆ ಓಣಿಯೇ. ಅಲ್ಲಿಯೂ ಆಕೆ ಕೈ ಒರೆಸಿಕೊಂಡು, "ಹೇಳಿದ್ದು ಖರೇನ. ಹೇಳಿದ ರೀತಿ ತಪ್ಪಾತು" ಎನ್ನುವಳು. ಆ ಜನ ಮತ್ತೊಮ್ಮೆ ಸಿಟ್ಟಾಗುತ್ತಿದ್ದರು.

ನಮ್ಮದು ಲಿಂಗಾಯತರ ಮನೆ, ಗೋಣಿಚೀಲದ ವ್ಯಾಪಾರ. ಸಾಂಗ್ಲಿ ಪೇಟೆಯ ಅರಿಸಿನ, ಬೆಲ್ಲ ತುಂಬುವ ಚೀಲ ನಮ್ಮಲ್ಲಿಂದ ಹೋಗುತ್ತಿದ್ದವು. ಮಿರಜಿನ ಓಣಿಯಲ್ಲಿ ಮುಂದೆ ಗೋದಾಮು, ಮಗ್ಗುಲಲ್ಲಿ ನಮ್ಮ ಕಟ್ಟಿಗೆಯ ಮಾಳಿಗೆ ಮನೆ, ಹಿಂದೆ ಹದಿನೆಂಟು ಬಾಡಿಗೆ ಮನೆಗಳ ಸಾಲು. ಅಥಣಿ, ಜಮಖಂಡಿ ಕಡೆಯಿಂದ ಕೂಲಿಗೆ ಬಂದವರು, ಕುಪವಾಡದ ಎಂಐಡಿಸಿ ಕಾರ್ಖಾನೆಗಳಿಗೆ ಸೈಕಲ್ ತುಳಿಯುವವರು ಅಲ್ಲಿದ್ದರು. ಕೊನೆಯ ಮನೆ ಮಾವಶಿಯದು. ಮಕ್ಕಳಿರಲಿಲ್ಲ. ಆಕೆಯ ಗಂಡ ನಮ್ಮ ಗೋದಾಮಿನ ವಾಚ್‌ಮನ್, ನಾನು ಅವರಿಗೆ ಕಾಕಾ ಅನ್ನುತ್ತಿದ್ದೆ. ದಿನಕ್ಕೆ ಹತ್ತು ಮಾತಾಡದ ಮನುಷ್ಯ. ಇಬ್ಬರ ಪಾಲಿನ ಮಾತನ್ನೂ ಹೆಂಡತಿಯೇ ಆಡುತ್ತಿದ್ದಳು.

ನಮ್ಮ ಅಜ್ಜಿಯನ್ನು ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದೆವು. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದವಳು, ಹೊರಗಿನವರ ಕೈಯ ನೀರು ಕುಡಿಯದವಳು. ಆದರೂ ಸಂಜೆಯಾದರೆ ಹಿತ್ತಲ ಕಟ್ಟೆಯ ಮೇಲೆ ಆಯಿ, ಕೆಳಗೆ ಕಲ್ಲಿನ ಮೇಲೆ ಮಾವಶಿ. ಮಾವಶಿ ಗದಗಿನ ಕಡೆಯವಳು. ಸುತ್ತಲಿನ ಮರಾಠಿಯ ನಡುವೆ ತವರಿನ ಮಾತಿಗೆ ಇಬ್ಬರೂ ಹಾತೊರೆಯುತ್ತಿದ್ದರು. ಆಯಿ ಕೆಣಕುವಳು, "ನಿಮ್ಮ ದೇವ್ರಿಗೆ ಬರೇ ಮರಾಠಿ ಬರತೈತೋ, ಕನ್ನಡಾನೂ ತಿಳೀತೈತೋ?" ಮಾವಶಿ ಬಿಡುವವಳಲ್ಲ. "ಎಲ್ಲಾ ತಿಳೀತೈತ್ರಿ ಆಯಿ. ಹಾಡೂದು ಮರಾಠಿಯೊಳಗ, ಬೇಡ್ಕೊಳ್ಳೂದು ಕನ್ನಡದಾಗ."

ಬೇಸಗೆಯ ಒಂದು ಮಂಗಳವಾರ ಮಧ್ಯಾಹ್ನ ಗೋದಾಮಿಗೆ ಬೆಂಕಿ ಹತ್ತಿತು. ಹೇಗೆ ಹತ್ತಿತೋ ಇಂದಿಗೂ ಗೊತ್ತಿಲ್ಲ. ಒಣ ಗೋಣಿ, ಹಳೆಯ ಕಟ್ಟಿಗೆ, ಬಿಸಿಗಾಳಿ, ಇನ್ನೇನು ಬೇಕು. ಊರೂರಿಗೆ ಸಹಕಾರಿ ಸೊಸೈಟಿಗಳು ಏಳುತ್ತಿದ್ದ ಕಾಲ. ನಾನು ಆಗ ಸಾಂಗ್ಲಿಯ ಒಂದು ಹಾಲಿನ ಸೊಸೈಟಿಯಲ್ಲಿ ಹೊಸದಾಗಿ ಗುಮಾಸ್ತನಾಗಿದ್ದೆ, ಇಪ್ಪತ್ತೊಂದು ವಯಸ್ಸು. ಸುದ್ದಿ ಕೇಳಿ ಆಟೋ ಹಿಡಿದು ಬರುವಷ್ಟರಲ್ಲಿ ಓಣಿ ಇರಲಿಲ್ಲ. ತಂದೆ ರಸ್ತೆಯ ನಡುವೆ ಬರಿಗಾಲಲ್ಲಿ ನಿಂತಿದ್ದರು. ಆಯಿ ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತು ತನ್ನ ಎಡಗೈಯನ್ನೇ ನೋಡಿಕೊಳ್ಳುತ್ತಿದ್ದಳು.

ನಡೆದದ್ದನ್ನು ನೆರೆಯವರು ಹೇಳಿದರು. ಆಯಿ ಪೂಜೆಗೆ ಕೂತಿದ್ದಳಂತೆ. ಲಿಂಗವಿಡುವ ಬೆಳ್ಳಿಯ ಕರಡಿಗೆ ತೆರೆದು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಿದ್ದಳು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಕಾಕಾ ಕೂಗಿಗೆ ಎದ್ದವರು ಸೀದಾ ನಮ್ಮ ಮನೆಗೆ ನುಗ್ಗಿ, ಆಕೆಯನ್ನು ಬೆನ್ನಿಗೆ ಹೊತ್ತು ತಂದರು. ಆ ಗಡಿಬಿಡಿಯಲ್ಲಿ ಲಿಂಗ ಕೈ ಜಾರಿತು. ಹೊರಗೆ ಇಳಿಸಿದ ಕೂಡಲೇ ಆಯಿ, "ನನ್ನ ಲಿಂಗ ಒಳಗ ಉಳೀತೋ ಯಪ್ಪಾ" ಎಂದು ಚೀರಿದಳು. ಕಾಕಾ, "ಕುಂದರ್ರಿ ಆಯಿ, ತರತೇನಿ" ಎಂದು ಮತ್ತೆ ಒಳಗೆ ಹೋದರು. ಅಷ್ಟರಲ್ಲಿ ಮಾಳಿಗೆ ಕುಸಿಯಿತು.

ಚರ್ಚಿನ ಪಕ್ಕ ಅವರದೊಂದು ಶಾಲೆಯ ದೊಡ್ಡ ಹಾಲ್ ಇತ್ತು. ಸಂಜೆಯೊಳಗೆ ನಾವೆಲ್ಲ ಅಲ್ಲಿದ್ದೆವು. ಯಾರು ಕರೆದರು, ಯಾರು ಕರೆದುಕೊಂಡು ಹೋದರು ನೆನಪಿಲ್ಲ. ಬೆಂಚುಗಳನ್ನು ಗೋಡೆಗೆ ಸರಿಸಿ ಜಮಖಾನೆ ಹಾಸಿದ್ದರು. ಸಿತಾರು ಮಾಡುವ ಓಣಿಯ ಮುಸಲ್ಮಾನರ ಮನೆಗಳಿಂದ ಕೌದಿ ಬಂದವು. ಅನ್ನಕ್ಕೆ ದಾರಿ ಹಿಡಿಗಡಿಗೆ. ಚರ್ಚಿನ ಹೆಂಗಸರು ಪ್ರತಿ ಸಲ ಒಲೆ ಹೊತ್ತಿಸುವಾಗ ಒಂದು ಹಿಡಿ ಹಿಟ್ಟನ್ನೋ ಕಾಳನ್ನೋ ಒಂದು ಗಡಿಗೆಗೆ ಹಾಕಿಡುತ್ತಾರೆ, ಇಲ್ಲದವರಿಗೆಂದು. ಆ ಸಂಜೆ ಮನೆಮನೆಯಿಂದ ಆ ಗಡಿಗೆಗಳು ಸೊಂಟದ ಮೇಲೆ ಕೂತು ಬಂದವು. ಕೂಲಿಯವರ ಮನೆಯ ಗಡಿಗೆಗಳೂ ಇದ್ದವು. ಅವುಗಳಲ್ಲಿ ಎಷ್ಟಿರುತ್ತದೆ? ಆದರೂ ಹದಿನೆಂಟು ಮನೆಯ ಮಂದಿ ಉಂಡೆವು.

ಮಾವಶಿ ಆ ಸಂಜೆ ಹಾಲಿಗೆ ಬರಲಿಲ್ಲ. ಕೆಂಡ ಆರದೆ ಒಳಗೆ ಹೋಗಲು ಬಿಡುವುದಿಲ್ಲವೆಂದು ಬೆಂಕಿ ಆರಿಸುವ ಬಂಬಿನವರು ತಡೆದಿದ್ದರು. ಆಕೆ ಓಣಿಯ ಬಾಯಲ್ಲಿ ಕಾಲು ಮಡಚಿ ಕೂತಿದ್ದಳು. ನೀರು ಕೊಡಲು ಹೋದ ಚರ್ಚಿನ ಹೆಂಗಸಿಗೆ ಆಕೆ ಹೇಳಿದ್ದು ಇಷ್ಟು: "ಆಯಿ ನಮ್ಮ ಕೈಯಾಗಿಂದು ಉಣ್ಣಾಂಗಿಲ್ಲ. ಅವರಿಗೆ ಅಡಗಿ ಬ್ಯಾಡ, ಶಿಧಾ ಕೊಡ್ರಿ. ಮೂರ ಕಲ್ಲ ಬ್ಯಾರೆ ಹೂಡ್ರಿ." ಗಂಡನ ಹೆಣಕ್ಕೆ ಕಾಯುತ್ತ ಕೂತವಳು ನಮ್ಮ ಆಯಿಯ ಮಡಿಯ ಚಿಂತೆ ಮಾಡಿದಳು. ಜೋಳದ ಹಿಟ್ಟು, ಬೇಳೆ, ಉಳ್ಳಾಗಡ್ಡಿ ಎಲ್ಲ ಬುಟ್ಟಿಯಲ್ಲಿ ಬಂತು, ಹೊಸ ಗಡಿಗೆಯೂ ಬಂತು. ನಮ್ಮ ತಾಯಿ ಅಳುತ್ತ ರೊಟ್ಟಿ ಬಡಿದಳು. ಆಯಿ ಮುಟ್ಟಲಿಲ್ಲ.

ಬುಧವಾರ ಮುಂಜಾನೆ ಕಾಕಾ ಸಿಕ್ಕರು. ಸಂಜೆ ಮಣ್ಣು ಮಾಡಿದರು. ನಾನೂ ಹೆಗಲು ಕೊಟ್ಟೆ. ಮಾವಶಿ ಅಳಲಿಲ್ಲ, ಹಾಡಿನಲ್ಲಿ ದನಿ ಕೂಡಿಸಲೂ ಇಲ್ಲ.

ಆಯಿ ಮಂಗಳವಾರ ಮಧ್ಯಾಹ್ನದಿಂದ ನೀರು ಬಿಟ್ಟಿದ್ದಳು. ಲಿಂಗ ಮೈಮೇಲಿಲ್ಲದೆ ಹೇಗೆ ಕುಡಿದಾಳು? ನಮ್ಮ ಮಠದ ಅಯ್ಯನವರು ಹೊಸ ಲಿಂಗ ಹಿಡಿದುಕೊಂಡು ಬಂದರು, ಶಾಸ್ತ್ರದಲ್ಲಿ ದಾರಿ ಇದೆ ಎಂದು ಬೇಡಿಕೊಂಡರು. ಆಯಿ ಕೈ ಚಾಚಲಿಲ್ಲ. ದವಾಖಾನೆಯ ಡಾಕ್ಟರರು ಸಲಾಯಿನ್ ಹಚ್ಚುತ್ತೇನೆಂದರೆ, "ಅದೂ ನೀರ ಅಲ್ಲೇನು?" ಎಂದಳು. ನನ್ನ ತಂದೆ ಕಾಲು ಹಿಡಿದರು. ಆಗ ಆಕೆ ಹೇಳಿದ ಮಾತು ಹಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು.

"ಅಂವಾ ಅದನ್ನ ತರಾಕ ಹೋಗಿ ಸತ್ತಾನ. ಅದು ಸಿಗಲಾರದ ನಾ ನೀರ ಕುಡದ್ರ, ಅಂವನ ಹೆಣದ ಮ್ಯಾಲೆ ಕುಂತ ಕುಡದಂಗ. ನನ್ನ ಬಿಡ್ರಿ."

ಆ ಬಿಸಿಲಲ್ಲಿ ಎಪ್ಪತ್ತು ದಾಟಿದ ಜೀವ. ಗುರುವಾರ ಮುಂಜಾನೆಗೆ ತುಟಿ ಬಿರಿದು, ನಾಲಗೆ ಕಟ್ಟಿಗೆಯಾಗಿತ್ತು. ಸಂಜೆ ತನಕ ತಡೆದರೆ ಹೆಚ್ಚು ಎಂದು ಡಾಕ್ಟರರು ನನ್ನನ್ನು ಹೊರಗೆ ಕರೆದು ಹೇಳಿದರು.

ಆ ಮುಂಜಾನೆ ಮಾವಶಿ ಯಾರದೋ ಮನೆಯಿಂದ ಜೋಳ ಸಾಣಿಸುವ ಜರಡಿ ತೆಗೆದುಕೊಂಡು ಬಂದು, "ಬಾರೋ ತಮ್ಮಾ" ಎಂದು ನನ್ನನ್ನು ಕರೆದಳು. ನಿನ್ನೆ ಗಂಡನನ್ನು ಮಣ್ಣು ಮಾಡಿದವಳು ಇಂದು ಅವನು ಬಿದ್ದ ಜಾಗದ ಬೂದಿ ಸಾಣಿಸಲು ಕೂತಳು. ನಾನು ಮೊಗೆದು ಹಾಕುತ್ತಿದ್ದೆ, ಆಕೆ ಸಾಣಿಸುತ್ತಿದ್ದಳು. ಮೊಳೆ, ಬಾಗಿಲ ಕೊಂಡಿ, ಒಡೆದ ಬಳೆ. ಕರಗಿದ ಬೆಳ್ಳಿಯ ಒಂದು ಗುಳಿಗೆ ಸಿಕ್ಕಿತು, ಅದು ಕರಡಿಗೆಯದು. ಲಿಂಗವಿಲ್ಲ. ಹೊತ್ತು ನೆತ್ತಿಗೆ ಬಂತು. ಮತ್ತೊಮ್ಮೆ ಮೊದಲಿನಿಂದ ಸಾಣಿಸಿದಳು. ಆಮೇಲೆ ಜರಡಿ ಕೆಳಗಿಟ್ಟು, ಬೂದಿ ಮೆತ್ತಿದ ಮುಖವೆತ್ತಿ ನನ್ನ ಕೊರಳನ್ನು ನೋಡಿದಳು.

"ನಿಂದು ಐತೇನು ಮೈಮ್ಯಾಲೆ?"

"ಐತ್ರಿ. ಯಾಕ್ರಿ ಮಾವಶಿ?"

"ಕೊಡು."

ತಿಳಿಯಲು ತಡವಾಗಲಿಲ್ಲ. ಹುಟ್ಟಿದಾಗ ಕಟ್ಟಿದ ಲಿಂಗ ಮಣ್ಣಿಗೆ ಹೋಗುವ ತನಕ ಬಿಚ್ಚಬಾರದೆಂದು ನನಗೂ ಗೊತ್ತಿತ್ತು. ಆದರೆ ಆ ವಯಸ್ಸಿನಲ್ಲಿ ನನಗೆ ಅದು ಬನಿಯನ್ನಿನ ಒಳಗಿನ ಒಂದು ಭಾರ ಅಷ್ಟೆ. ಶಿವದಾರ ಎಳೆದು, ಕರಡಿಗೆ ತೆರೆದು ಕೊಟ್ಟೆ. ಆಕೆ ಎರಡೂ ಕೈಯಲ್ಲಿ ಇಸಿದುಕೊಂಡಳು. ಹೊಗೆಯಾಡುತ್ತಿದ್ದ ತೊಲೆಯ ಹತ್ತಿರ ಹಿಡಿದು ಒಂದು ಮಗ್ಗುಲು ಸ್ವಲ್ಪ ಕಮರಿಸಿದಳು, ಬೂದಿ ಹಚ್ಚಿದಳು.

"ಕೇಳಿಸ್ಕೋ," ಎಂದಳು. "ಸುಳ್ಳ ನಂದು. ನೀ ಬರೇ ಕೊಟ್ಟಾಂವ. ನಿನಗ ಹತ್ತೂದಿಲ್ಲ."

ಹಾಲಿನಲ್ಲಿ ಆಯಿಯ ಮುಂದೆ ಮೊಳಕಾಲೂರಿ ಕೂತು, ಆಕೆಯ ಎಡಗೈ ಬಿಡಿಸಿ ಲಿಂಗವಿಟ್ಟಳು. "ಆಯಿ, ಸಿಕ್ತ್ರಿ. ಅವರು ಬಿದ್ದ ಜಾಗಾದಾಗ, ಕೈ ಇದ್ದಲ್ಲೆ ಇತ್ತ್ರಿ." ಅಂದು ಮಾವಶಿ ಕೈ ಒರೆಸಿಕೊಳ್ಳಲಿಲ್ಲ. "ಸುಳ್ಳ ಯಾಕ ಹೇಳ್ಲಿ" ಎಂಬ ತನ್ನ ಮಾತನ್ನೂ ಆಡಲಿಲ್ಲ. ಅದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಆಯಿ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಅದನ್ನು ನಿಧಾನ ಸವರಿದಳು. ಬುಡವನ್ನು ಮತ್ತೊಮ್ಮೆ ಸವರಿದಳು. ಆಮೇಲೆ ಕಣ್ಣು ತೆರೆದು ಮಾವಶಿಯ ಮುಖ ನೋಡಿದಳು.

"ನಿನ್ನ ಗಂಡ ಉಳಿಸಿ ಕೊಟ್ಟ ನೋಡ," ಎಂದಳು. "ನೀರ ತಾ. ನೀನ ಹಾಕು."

ಹೊರಗಿನ ಯಾರ ಕೈಯ ನೀರನ್ನೂ ಕುಡಿಯದ ಆಯಿ! ನನ್ನ ತಾಯಿ ತಂಬಿಗೆ ಹಿಡಿದು ನಿಂತಿದ್ದಳು, ಆಯಿ ಆಕೆಯನ್ನು ಬಿಟ್ಟು ಮಾವಶಿಗೆ ಹೇಳಿದಳು. ಮಾವಶಿ ದವಾಖಾನೆಯಲ್ಲಿ ರೋಗಿಗಳಿಗೆ ಹಾಕುವ ಹಾಗೆ ಚಮಚೆಯಿಂದ ಒಂದೊಂದೇ ಹನಿ ಹಾಕಿದಳು. ಆಗ ಆಕೆಯ ಕಣ್ಣಿಂದ ನೀರು ಇಳಿಯಿತು. ಗಂಡನಿಗಾಗಿ ಈಗ ಅತ್ತಳು ಎಂದು ಎಲ್ಲರಿಗೂ ಸಮಾಧಾನವಾಯಿತು.

ಆಮೇಲಿನದು ದೊಡ್ಡ ಕಥೆ, ಚಿಕ್ಕದಾಗಿ ಹೇಳುತ್ತೇನೆ. ನಾಲ್ಕು ತಿಂಗಳು ಆ ಹಾಲಿನಲ್ಲೇ ಇದ್ದೆವು. ನಾನು ಕೆಲಸ ಮಾಡುತ್ತಿದ್ದ ಸೊಸೈಟಿಯ ಹಿರಿಯರು ಓಡಾಡಿ ಸುಟ್ಟ ಮನೆಗಳವರದೇ ಒಂದು ಗೃಹನಿರ್ಮಾಣ ಸೊಸೈಟಿ ಮಾಡಿಸಿದರು, ಕುಪವಾಡದ ಹಾದಿಯಲ್ಲಿ ಜಾಗ ಸಿಕ್ಕಿತು. ರವಿವಾರ ಪ್ರಾರ್ಥನೆ ಮುಗಿದ ಕೂಡಲೇ ಚರ್ಚಿನ ಗಂಡಸರು ತೋಳು ಮಡಚಿ ಇಟ್ಟಿಗೆ ಹೊರಲು ಬರುತ್ತಿದ್ದರು. ಪಾಳಕರು ಸಿಮೆಂಟಿನ ಗಿಲಾಯಿ ಮಾಡಿದ ಗೋಡೆ ಒಂದು ಇಂದಿಗೂ ಸೊಟ್ಟಗಿದೆ. ಹೊಸ ಚಾಳಿನಲ್ಲಿ ಯಾವ ಜಾತಿಯ ಮನೆಯೇ ಇರಲಿ, ಒಲೆಯ ಪಕ್ಕ ಒಂದು ಹಿಡಿಗಡಿಗೆ ಬಂತು. ಹರಿಪುರಕ್ಕೆ ಹೊಳೆಯ ನೀರು ನುಗ್ಗಿದ ವರ್ಷ ಆ ಗಡಿಗೆಗಳು ಟೆಂಪೊ ಹತ್ತಿದವು. ಮೊದಲಿನ ಗಡಿಗೆ ನಮ್ಮ ಆಯಿಯದು.

ಮಾವಶಿ ಮಾತ್ರ ಬದಲಾದಳು. ಚರ್ಚಿಗೆ ತಪ್ಪದೆ ಹೋಗುವಳು, ಆದರೆ ಕೂರುವುದು ಹಿಂದಿನ ಬೆಂಚಿನಲ್ಲಿ. ಮೊದಲ ರವಿವಾರ ಪ್ರಭುಭೋಜನದ ತಾಟು ಬಂದರೆ ಮುಟ್ಟದೆ ಪಕ್ಕದವರಿಗೆ ದಾಟಿಸಿಬಿಡುವಳು. ಕ್ರಿಸ್‌ಮಸ್‌ಗೂ ಪ್ರಭುಭೋಜನ ಇರುತ್ತದೆ, ಕರೆದಾಗ ಹೋಗಿ ನಾನೇ ನೋಡಿದ್ದೇನೆ. ವಿಚಿತ್ರವೆಂದರೆ ಆ ರಸ ಮಾಡುವವಳು ಆಕೆಯೇ. ತಾಸಗಾಂವದ ದ್ರಾಕ್ಷಿ ಬರುವ ದಿನಗಳಲ್ಲಿ ಹಣ್ಣು ಕುದಿಸಿ ಸೋಸುವಳು, ಇಲ್ಲದ ದಿನಗಳಲ್ಲಿ ಮಣುಕ, ಅಂದರೆ ಒಣದ್ರಾಕ್ಷಿ, ನೆನೆಹಾಕುವಳು. ಬಟ್ಟೆಯಲ್ಲಿ ಹಿಂಡಿದ ಮೇಲೆ ಬೆರಳನ್ನು ಕೂಡ ನೆಕ್ಕುತ್ತಿರಲಿಲ್ಲ, ತೊಳೆದುಕೊಳ್ಳುತ್ತಿದ್ದಳು. ಗಂಡನನ್ನು ಕಸಿದುಕೊಂಡ ದೇವರ ಮೇಲೆ ಸಿಟ್ಟಾಗಿದ್ದಾಳೆ ಎಂದು ಚರ್ಚಿನ ಮಂದಿ ಮಾತಾಡಿಕೊಂಡರು. ಪಾಳಕರು ಕೇಳಿದ್ದಕ್ಕೆ, "ಒಬ್ಬರ ಕೂಡ ಮಾತ ಮುಗದಿಲ್ರಿ" ಎಂದಳಂತೆ. ಆ ಒಬ್ಬರು ಎಂದರೆ ದೇವರೇ ಎಂದು ಪಾಳಕರು ತಿಳಿದರು, ನಾನೂ ಹಾಗೆಯೇ ತಿಳಿದೆ. ಹಾಗೆ ತಿಳಿಯುವುದು ನನಗೆ ಸುಲಭವಿತ್ತು.

ಶನಿವಾರದ ತಿರುಗಾಟ ಬಿಡಲಿಲ್ಲ. ಎಲ್ಲರ ಮನೆ ಮುಗಿಸಿ ಕೊನೆಗೆ ನಮ್ಮ ಮನೆಗೆ ಬರುವಳು. ಆಯಿಯ ಎದುರು ಕೂತು ಅಂಗೈಗಳನ್ನು ಸೆರಗಿಗೆ ಎರಡು ಸಲ ಒರೆಸಿಕೊಳ್ಳುವಳು. ಅಷ್ಟರಲ್ಲಿ ಆಯಿ, "ಏನ ಮಾಡಿದಿ ಇವತ್ತ ಅಡಗಿ?" ಎಂದೋ, "ನನ್ನ ಮೊಳಕಾಲಿಗೆ ಏನರೆ ಎಣ್ಣಿ ಐತೇನ?" ಎಂದೋ ಶುರು ಮಾಡುವಳು. ಮಾವಶಿ ಅದಕ್ಕೆ ಉತ್ತರ ಹೇಳಿ ಎದ್ದು ಹೋಗುವಳು. ಆರು ವರ್ಷ ಹೀಗೆಯೇ ನಡೆಯಿತು.

ಆಯಿ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, ಕರಡಿಗೆ ತೆರೆದು ಲಿಂಗವನ್ನು ನನ್ನ ಕೈಗಿಟ್ಟಳು. "ಬುಡಕ ಸವರಿ ನೋಡ. ಸಣ್ಣ ಕುಳಿ ಹತ್ತತೈತಿಲ್ಲೋ?"

ಹತ್ತಿತು.

"ಇದು ನಿಂದು. ನಿನಗ ಕಟ್ಟೂ ಮುಂದ ಅಯ್ಯನಾರ ಕೈಯಾಗಿಂದ ಇಸಗೊಂಡಾಕಿ ನಾನ. ನನಗ ಗೊತ್ತ ಹಿಡಿಯೂದಿಲ್ಲೇನೋ ಹುಚ್ಚಾ?"

ಜೀವನವಿಡೀ ದಿನಾ ಲಿಂಗವನ್ನಿಟ್ಟು ಪೂಜಿಸಿದ ಕೈಯನ್ನು ಒಂದು ಹಿಡಿ ಬೂದಿಯಿಂದ ಮೋಸ ಮಾಡಹೋಗಿದ್ದೆವು. ಮಾವಶಿಗಾದರೂ ಆ ಪೂಜೆಯ ಪರಿಚಯವಿಲ್ಲ. ಲಿಂಗಾಯತರ ಮನೆಯಲ್ಲಿ ಹುಟ್ಟಿದ ನಾನು ಯೋಚಿಸಬೇಕಿತ್ತು.

"ಮತ್ತ ಆವತ್ತ ಯಾಕ ಸುಮ್ಮನ ಇದ್ದಿ ಆಯಿ?"

"ಜನ್ಮದಾಗ ಸುಳ್ಳ ಹೇಳಲಾರದಾಕಿ, ಗಂಡನ್ನ ಕಳಕೊಂಡಾಕಿ, ನನ್ನ ಜೀವದ ಸಲವಾಗಿ ಎಲ್ಲಾರ ಮುಂದ ಸುಳ್ಳ ಹೇಳಿದ್ಲು. ಅಕಿನ್ನ ಸುಳ್ಳಗಾತಿ ಅಂತ ನಾ ಹೆಂಗ ಅನ್ಲಿ? ನೀರ ಕುಡದೆ." ಸ್ವಲ್ಪ ಹೊತ್ತು ದಮ್ಮು ತೆಗೆದುಕೊಂಡಳು. "ಶನಿವಾರಕ್ಕೊಮ್ಮೆ ಹೇಳಾಕ ಬರತಾಳ. ಬಾಯಿ ಬಿಟ್ಟ ಹೇಳಿದ್ರ ನಾ ಮತ್ತ ನೀರ ಬಿಡಬೇಕಾದೀತು. ಅದಕ ಮಾತ ತಿರಗಸ್ತೇನಿ. ನಾ ಹೋದ ಮ್ಯಾಲೆ ಅಕಿಗೆ ಹೇಳು. ಆಯಿಗೆ ಗೊತ್ತಿತ್ತು ಅಂತ ಹೇಳು. ಮರೀಬ್ಯಾಡ."

ಎಂಟು ದಿನಕ್ಕೆ ಆಯಿ ಹೋದಳು. ನನ್ನ ಲಿಂಗವನ್ನು ಅಂಗೈಯಲ್ಲಿಟ್ಟು ಕೂರಿಸಿ ಮಣ್ಣು ಮಾಡಿದೆವು. ಮಾವಶಿ ಕುಣಿಯ ಅಂಚಿನಲ್ಲಿ ನಿಂತು ಆ ಕೈಯನ್ನೇ ನೋಡುತ್ತಿದ್ದಳು. ನೋಡಿದೆ. ಅವತ್ತು ಹೇಳಬಹುದಿತ್ತು, ದುಃಖದ ದಿನ ಬೇಡವೆಂದು ಬಿಟ್ಟೆ. ತಿಂಗಳಾದ ಮೇಲೆ ಹೋದೆ, ಆಕೆಯ ಮನೆಯಲ್ಲಿ ಯಾರೋ ಇದ್ದರು. ಆಮೇಲೆ ಹೇಳಿದರೆ ನಾಚಿಕೊಂಡಾಳು ಎನಿಸಿತು. ಹಳೆಯ ಗಾಯ ಕೆದಕುವುದೇಕೆ ಎನಿಸಿತು. ವರ್ಷ ಕಳೆದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೇನು ಮಾಡಲಿ ಎಂಬ ಅಂಜಿಕೆ. ಸೊಸೈಟಿಯಲ್ಲಿ ನಾನು ಒಂದು ಕಾಗದವನ್ನೂ ಮೇಜಿನ ಮೇಲೆ ಉಳಿಸಿದವನಲ್ಲ. ವಾರಕ್ಕೊಮ್ಮೆ ಆಕೆಯ ಮನೆಗೆ ಹೋಗಿ ಚಹಾ ಕುಡಿದು, ಸಾಂಗ್ಲಿಯ ಸುದ್ದಿ ಹೇಳಿ, ಆ ಮಾತೊಂದನ್ನು ಮರಳಿ ಮನೆಗೆ ತರುತ್ತಿದ್ದೆ. ಹನ್ನೊಂದು ವರ್ಷ.

ಈ ಮಳೆಗಾಲದಲ್ಲಿ ಮಾವಶಿಗೆ ಹೊಟ್ಟೆಯ ಬೇನೆ ಉಲ್ಬಣಿಸಿತು. ದವಾಖಾನೆಯಲ್ಲಿ ಮೂವತ್ತು ವರ್ಷ ಕಂಡವಳು, ಡಾಕ್ಟರರ ಮುಖ ನೋಡಿಯೇ ತಿಳಿದುಕೊಂಡಳು. ಒಂದು ಗುರುವಾರ ಹೋದಾಗ, "ಇನ್ನ ಹದಿನೈದ ದಿನ ಇದ್ರ ಭಾಳ. ಸುಳ್ಳ ಯಾಕ ಹೇಳ್ಲಿ" ಎಂದಳು. ಬರುವ ರವಿವಾರ ಪಾಳಕರು ಮನೆಗೇ ಬಂದು ಪ್ರಭುಭೋಜನ ಕೊಡುತ್ತಾರೆ ಅಲ್ಲವೇ ಎಂದೆ, ಏನಾದರೂ ಮಾತಾಡಬೇಕೆಂದು.

"ನನಗೆಲ್ಲಿದೋ ಅದು. ದೇವರ ಊಟಕ್ಕ ಕುಂದರೂ ಮೊದಲ ತಪ್ಪಾತು ಅಂತ ಹೇಳಿ ಬರಬೇಕು. ನಿಮ್ಮ ಆಯಿಗೆ ಹೇಳೂದಾಗಲಿಲ್ಲ. ಹೇಳಿದ್ರ ಅವರು ನೀರ ಬಿಡ್ತಿದ್ರು. ಹೇಳಲಾರದ ಉಣ್ಣಾಕ ನನಗ ಆಗಲಿಲ್ಲ. ಅವರೂ ಹೋದ್ರು. ಇನ್ನ ಯಾರಿಗೆ ಹೇಳ್ಲಿ?"

ಅಂದರೆ ಆಕೆಗೆ ದೇವರ ಮೇಲೆ ಸಿಟ್ಟೇ ಇರಲಿಲ್ಲ. ಹದಿನೇಳು ವರ್ಷ ಹಿಂದಿನ ಬೆಂಚಿನಲ್ಲಿ ಕೂತದ್ದು ನಮ್ಮ ಮನೆಯ ಸಲುವಾಗಿ. ಸುಳ್ಳಿನಲ್ಲಿ ನಾನೂ ಅರ್ಧ ಪಾಲುದಾರ. ನನಗೆ ಒಂದು ಹೊತ್ತಿನ ಊಟವೂ ತಪ್ಪಿರಲಿಲ್ಲ.

"ಮಾವಶಿ, ಆಯಿಗೆ ಗೊತ್ತಿತ್ತರಿ," ಎಂದೆ. "ಕೈಯಾಗ ಇಟ್ಟ ಕೂಡಲೇ ಗೊತ್ತಾಗಿತ್ತಂತ. ನಿಮ್ಮ ಸಲವಾಗಿ ಸುಮ್ಮನ ನೀರ ಕುಡದ್ರು."

ಆಕೆ ಸೂರಿನತ್ತ ನೋಡಿದಳು. "ಗೊತ್ತಿತ್ತಾ?" ಎಂದಳು. "ಅದಕ ನನ್ನ ಕೈಯಾಗಿನ ನೀರ ಕುಡದ್ರೇನು..." ಮುಖದ ಮೇಲೆ ಒಂದು ಬೆಳಕು ಬಂತು. ದೇವರಾಣೆ, ನಾನು ಕಂಡೆ. ಆಮೇಲೆ ನನ್ನ ಕಡೆ ತಿರುಗಿದಳು. "ಯಾವಾಗ ಹೇಳಿದ್ರು ನಿನಗ?"

"ಹೋಗೂ ಮುಂದ. ನಿಮಗ ಹೇಳಂತ ಹೇಳಿದ್ರು."

ಆಕೆ ಬೆರಳ ಗೆಣ್ಣು ಎಣಿಸಿದಳು. ಎಣಿಸುವುದನ್ನು ನೋಡುತ್ತ ಕೂರಬೇಕಾಯಿತು. "ಹನ್ನೊಂದ ವರ್ಷದ ಊಟ ತಪ್ಪಿಸಿದೆಲ್ಲೋ ತಮ್ಮಾ," ಎಂದಳು.

ನಾನು ಆಕೆಯ ಮಂಚದ ಪಟ್ಟಿಗೆ ಹಣೆ ಹಚ್ಚಿ ಸಣ್ಣ ಹುಡುಗನ ಹಾಗೆ ಅತ್ತೆ. "ನನ್ನ ಮ್ಯಾಲೆ ಸಿಟ್ಟ ಐತೇನ್ರಿ ಮಾವಶಿ?" ಎಂದು ಕೇಳಿದೆ. ಬೇರೆ ಯಾರಾದರೂ ಇಲ್ಲ ಎನ್ನುತ್ತಿದ್ದರು. ನಾನು ಕೇಳಿದ್ದೂ ಆ ಇಲ್ಲ ಎಂಬ ಮಾತಿಗಾಗಿಯೇ. ಆಕೆ ಮಲಗಿದಲ್ಲಿಯೇ ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು.

"ಐತಿ," ಎಂದಳು. "ಸುಳ್ಳ ಯಾಕ ಹೇಳ್ಲಿ."

ಶನಿವಾರ ಮತ್ತೆ ಹೋದೆ, ಅವರ ರೂಢಿಯಂತೆ ತಪ್ಪಾತು ಎನ್ನಲು. ಅಷ್ಟರಲ್ಲಿ ಮಾತು ನಿಂತಿತ್ತು, ಕಣ್ಣು ಅರೆ ಮುಚ್ಚಿತ್ತು. "ತಪ್ಪಾತ್ರಿ ಮಾವಶಿ" ಎಂದು ಮೂರು ಸಲ ಹೇಳಿದೆ. ಕೇಳಿಸಿತೋ ಇಲ್ಲವೋ ತಿಳಿಯದು. ಬರುವಾಗ ಪಾಳಕರ ಮನೆಗೆ ಹೋಗಿ, ಬೂದಿ ಸಾಣಿಸಿದ ದಿನದಿಂದ ಗುರುವಾರದ ತನಕ ನಡೆದದ್ದನ್ನೆಲ್ಲ ಹೇಳಿದೆ. ಆ ತಿಂಗಳು ರಸ ಮಾಡುವವರು ಇರಲಿಲ್ಲ. ನಾನೇ ಪೇಟೆಯಿಂದ ಮಣುಕ ತಂದೆ, ಆಕೆ ಮಾಡುವುದನ್ನು ನೋಡಿದ ನೆನಪಿನಲ್ಲಿ ನನ್ನ ಹೆಂಡತಿ ನೆನೆಹಾಕಿ ಹಿಂಡಿಕೊಟ್ಟಳು.

ರವಿವಾರ ಪಾಳಕರು ಮನೆಗೆ ಬಂದರು. ನಾನು ಹೊಸ್ತಿಲ ಹೊರಗೆ ನಿಂತಿದ್ದೆ. ರೊಟ್ಟಿ ನುಂಗುವ ಶಕ್ತಿ ಆಕೆಗಿರಲಿಲ್ಲ. ಪಾಳಕರು ಬೆರಳನ್ನು ರಸದಲ್ಲಿ ಅದ್ದಿ ಬಿರಿದ ತುಟಿಗೆ ಹಚ್ಚಿದರು. ಆಕೆ ನಾಲಗೆ ಹೊರಗೆ ತಂದು ತುಟಿ ಸವರಿಕೊಂಡಳು. ಅಷ್ಟೇ. ಮಂಗಳವಾರ ಹೋದಳು.

ಆಕೆಗೆ ಸಲ್ಲಬೇಕಾದದ್ದು ಒಂದು ಹನಿಯಾದರೂ ಸಂದಿತು ಎಂದು ಪಾಳಕರು ಸಮಾಧಾನ ಹೇಳುತ್ತಾರೆ. ಮಾವಶಿ ನಿನ್ನನ್ನು ಖಂಡಿತ ಕ್ಷಮಿಸಿರುತ್ತಾಳೆ ಎಂದೂ ಹೇಳುತ್ತಾರೆ. ಒಳ್ಳೆಯ ಮನುಷ್ಯ, ನನ್ನ ಮೇಲಿನ ಕರುಣೆಯಿಂದ ಹೇಳುತ್ತಾರೆ. ಆದರೆ ಆಕೆ ನನಗೆ ಆಡಿದ ಕೊನೆಯ ಮಾತು ನನ್ನ ಕಿವಿಯಲ್ಲಿದೆ, ಮತ್ತು ಆಕೆಗೆ ಸುಳ್ಳು ಬರುತ್ತಿರಲಿಲ್ಲ.